ಕ್ರಾಸ್ ಮರಿಗೂ ಒಂದು ಕಾರ್ಡ್ ಕೊಡಿಸಿ: ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಕರ್ನಾಟಕ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿ,
ಬೆಂಗಳೂರು.

ವಿಷಯ: ಮಿಶ್ರ ತಳಿ ನಾಯಿಮರಿಗಳ ಮಾರಾಟ, ಅವುಗಳ ಆರೋಗ್ಯ ಮತ್ತು ಲಸಿಕೆಯ ಕಾರ್ಡ್.

ಮಾನ್ಯರೇ,

ನಾನು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಖಾಸಗಿ ಪಶುವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ಸಹಾಯಕಿ. ಡಾಕ್ಟರಲ್ಲ. ಇಂಜೆಕ್ಷನ್ ಹಾಕುವಾಗ ನಾಯಿಯನ್ನು ಅಲುಗಾಡದಂತೆ ಹಿಡಿದುಕೊಳ್ಳುವುದು, ಡ್ರಿಪ್ಸ್ ಓಡುತ್ತಿದೆಯಾ ನೋಡುವುದು, ರಿಜಿಸ್ಟರ್ ಬರೆಯುವುದು, ಕೊನೆಗೆ ಟೇಬಲ್ ತೊಳೆಯುವುದು ನನ್ನ ಕೆಲಸ. ರಿಜಿಸ್ಟರಿನಲ್ಲಿ ತಳಿ ಅಂತ ಒಂದು ಕಾಲಂ ಇದೆ. ಅಲ್ಲಿ ನಾನು ಅತಿ ಹೆಚ್ಚು ಸಲ ಬರೆಯುವುದು 'ಕ್ರಾಸ್', ಅಂದರೆ ಬೇರೆ ಬೇರೆ ತಳಿ ಬೆರೆತದ್ದು. ಲ್ಯಾಬ್ (ಲ್ಯಾಬ್ರಡಾರ್) ಕ್ರಾಸ್, ಅಲ್ಸೇಷಿಯನ್ ಕ್ರಾಸ್, ಪಾಮ್ (ಪಾಮರೇನಿಯನ್) ಕ್ರಾಸ್, ಏನೋ ಒಂದು ಕ್ರಾಸ್.

ಮರಿ ತಂದವರ ಬಾಯಲ್ಲಿ ಒಂದು ಮಾತು ತಪ್ಪದೆ ಬರುತ್ತದೆ. "ಕ್ರಾಸ್ ಅಲ್ವಾ ಮೇಡಂ, ಗಟ್ಟಿ ಇರುತ್ತೆ ಅಂದಿದ್ರು. ಜಾತಿ ನಾಯಿ ಥರ ಕಾಯಿಲೆ ಬರಲ್ಲ ಅಂದಿದ್ರು." ಅಂದವರು ಯಾರು? ಮಾರಿದವರು. ನನ್ನ ದೂರು ಈ ಮಾತಿನ ಮೇಲೆ. ಈ ಒಂದು ಮಾತು ಹೇಳಿದರೆ ಮರಿಗೆ ಲಸಿಕೆ ಹಾಕಿಸಬೇಕಾಗಿಲ್ಲ, ವಯಸ್ಸು ಹೇಳಬೇಕಾಗಿಲ್ಲ, ತಾಯಿ ತೋರಿಸಬೇಕಾಗಿಲ್ಲ. ದುಡ್ಡು ತಗೊಂಡು ಕೈಗೆ ಮರಿ ಕೊಟ್ಟರೆ ಮುಗಿಯಿತು.

ಯಾರ ಮೇಲೋ ಹಗೆ ತೀರಿಸಿಕೊಳ್ಳಲು ಈ ಪತ್ರ ಬರೆಯುತ್ತಿಲ್ಲ. ಮಾರುವವರಲ್ಲಿ ಕೆಲವರು ನನಗೆ ದಿನಾ ಎದುರಾಗುವವರು. ಆದ್ದರಿಂದ ಊರು, ಅಂಗಡಿ, ಹೆಸರು ಯಾವುದೂ ಇಲ್ಲಿ ಇಲ್ಲ. ನಾನು ನೋಡಿದ್ದು, ನಮ್ಮ ಡಾಕ್ಟರ್ ಹೇಳಿಕೊಟ್ಟಿದ್ದು, ಇಷ್ಟೇ.

ನಮ್ಮ ಕಡೆ ಭಾನುವಾರದ ಸಂತೆಯಲ್ಲಿ ಕೋಳಿ ಮಾರುವವರ ಪಕ್ಕದಲ್ಲೇ ರಟ್ಟಿನ ಪೆಟ್ಟಿಗೆಯಲ್ಲಿ ನಾಯಿಮರಿ ಮಾರುತ್ತಾರೆ. ಕಾಫಿ ತೋಟದವರು ಕಾವಲಿಗೆ ಅಂತ ದೊಡ್ಡ ಜಾತಿಯ ಕ್ರಾಸ್ ಹುಡುಕಿಕೊಂಡು ಬರುತ್ತಾರೆ. ಮನೆಯಲ್ಲಿ ಮಕ್ಕಳಿರುವವರಿಗೆ ಗುಂಡಗೆ, ಕೂದಲು ಜಾಸ್ತಿ ಇರುವ ಸಣ್ಣ ಮರಿ ಬೇಕು. ಅವು ಫೋನಿನಲ್ಲಿ ಫೋಟೋ ತೋರಿಸಿ ಬುಕ್ ಆಗಿ, ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಬರುತ್ತವೆ. ಶಿಟ್ಜು ಮತ್ತು ಪಾಮ್ ಸೇರಿಸಿ ಒಂದು ಹೆಸರು, ಹಸ್ಕಿ ಮತ್ತು ಲ್ಯಾಬ್ ಸೇರಿಸಿ ಇನ್ನೊಂದು ಹೆಸರು ಇಟ್ಟು ಜಾತಿ ನಾಯಿಗಿಂತ ಜಾಸ್ತಿ ರೇಟು ಹೇಳುವವರೂ ಇದ್ದಾರೆ. ಇವೆಲ್ಲ ಬಿಟ್ಟು, ಪಕ್ಕದ ಮನೆಯ ಅಲ್ಸೇಷಿಯನ್ ರಾತ್ರಿ ಗೇಟು ಹಾರಿ ಬಂದದ್ದರಿಂದ ಹುಟ್ಟಿದ ಮರಿಗಳಂತೂ ಲೆಕ್ಕಕ್ಕೇ ಇಲ್ಲ. ಅವನ್ನು ಪುಕ್ಕಟೆ ಕೊಡುತ್ತಾರೆ. ತಗೊಳ್ಳುವವರಿಲ್ಲದಿದ್ದರೆ ಚೀಲಕ್ಕೆ ತುಂಬಿ ಬಸ್ ಸ್ಟ್ಯಾಂಡ್ ಹಿಂದೆ ಬಿಡುತ್ತಾರೆ.

ಕ್ಲಿನಿಕ್ಕಿಗೆ ಬರುವ ಹೊಸ ಮರಿಯ ಬಾಯಿಯನ್ನು ನಮ್ಮ ಡಾಕ್ಟರ್ ಮೊದಲು ತೆರೆದು ನೋಡುತ್ತಾರೆ. ನಾಯಿಮರಿಗೆ ಹಾಲು ಹಲ್ಲು 28. ಮೂರು ವಾರದ ಆಸುಪಾಸಿನಲ್ಲಿ ಮೂಡಲು ಶುರುವಾಗಿ, ಎಂಟು ವಾರದ ಹೊತ್ತಿಗೆ ಎಲ್ಲವೂ ಬಂದಿರುತ್ತವೆ. "ಎರಡು ತಿಂಗಳ ಮರಿ ಅಂದ್ರು" ಎಂದು ತಂದ ಮರಿಯ ಬಾಯಲ್ಲಿ ಮುಂದಿನ ನಾಲ್ಕು ಸೂಜಿ ಹಲ್ಲು ಮಾತ್ರ ಇರುತ್ತವೆ. ಹಿಂದೆ ಬೆರಳಾಡಿಸಿದರೆ ಬರೀ ವಸಡು. ಅಂದರೆ ನಾಲ್ಕೋ ಐದೋ ವಾರದ ಮರಿ. ಇನ್ನೂ ತಾಯಿ ಹಾಲು ಕುಡಿಯಬೇಕಾದದ್ದು. ಅದಕ್ಕೆ ಹಸುವಿನ ಹಾಲು ಹಾಕುತ್ತಾರೆ, ಭೇದಿ ಹಿಡಿಯುತ್ತದೆ, ಎರಡೇ ದಿನಕ್ಕೆ ಸೊರಗಿ ಹೋಗುತ್ತದೆ. ಮಾರಿದವನಿಗೆ ಫೋನ್ ಮಾಡಿದರೆ "ನೀರು ಬದಲಾಗಿದ್ದಕ್ಕೆ ಹಾಗೆ" ಎಂಬ ಉತ್ತರ.

ಇಷ್ಟು ಎಳೆಯ ಮರಿಯನ್ನು ಯಾಕೆ ಮಾರುತ್ತಾರೆ ಅಂದರೆ, ಎಳೆಯದು ನೋಡಲು ಮುದ್ದು, ಬೇಗ ಹೋಗುತ್ತದೆ. ಎಂಟು ವಾರದ ತನಕ ಇಟ್ಟುಕೊಂಡರೆ ತಿಂಡಿ ಖರ್ಚು, ಲಸಿಕೆ ಖರ್ಚು. ಜೊತೆಗೆ ಅಷ್ಟರಲ್ಲಿ ಕಾಯಿಲೆ ಬಂದರೆ ನಷ್ಟ ಮಾರುವವನದ್ದು. ನಾಲ್ಕು ವಾರಕ್ಕೇ ಮಾರಿದರೆ ನಷ್ಟ ಕೊಂಡವನದ್ದು.

ಆ ಕಾಯಿಲೆ ಹೆಚ್ಚಾಗಿ ಪಾರ್ವೊ. 1978ರಲ್ಲಿ ಲೋಕದ ಕಣ್ಣಿಗೆ ಬಿದ್ದ ವೈರಸ್ ಇದು. ಮೊದಲ ದಿನ ಮರಿ ತಿನ್ನುವುದು ಬಿಟ್ಟು ಮೂಲೆ ಸೇರುತ್ತದೆ. ಆಮೇಲೆ ವಾಂತಿ. ಆಮೇಲೆ ರಕ್ತ ಭೇದಿ. ಅದರ ವಾಸನೆ ಒಮ್ಮೆ ಮೂಗಿಗೆ ಹತ್ತಿದವರು ಮರೆಯುವುದಿಲ್ಲ. ಬಾಗಿಲಲ್ಲಿ ಬರುವಾಗಲೇ ನನಗೆ ಗೊತ್ತಾಗುತ್ತದೆ. ಚಿಕಿತ್ಸೆ ಸಿಗದಿದ್ದರೆ ಹತ್ತರಲ್ಲಿ ಒಂಬತ್ತು ಮರಿಗಳವರೆಗೂ ಸಾಯಬಹುದು. ಬೇಗ ತಂದರೆ, ಡ್ರಿಪ್ಸ್ ಹಾಕಿ ದಿನಗಟ್ಟಲೆ ನೋಡಿಕೊಂಡರೆ, ಹೆಚ್ಚಿನವು ಉಳಿಯುತ್ತವೆ. ಕಷ್ಟ ಏನೆಂದರೆ ಬೇಗ ತರುವುದಿಲ್ಲ. ಮಜ್ಜಿಗೆ, ಅರಿಶಿನ, ಮನುಷ್ಯರ ಭೇದಿ ಮಾತ್ರೆ ಎಲ್ಲ ಆದ ಮೇಲೆ ತರುತ್ತಾರೆ. ಅಷ್ಟು ಹೊತ್ತಿಗೆ ಮುಂಗಾಲಿನಲ್ಲಿ ನರ ಸಿಗುವುದಿಲ್ಲ. ಕೂದಲು ಬೋಳಿಸಿ, ಟಾರ್ಚು ಹಿಡಿದು, ಒಂದು ಕಾಲು ಬಿಟ್ಟು ಇನ್ನೊಂದು ಕಾಲು ಹುಡುಕುತ್ತೇವೆ. ಮರಿ ಕುಂಯ್ ಅನ್ನುವುದೂ ಇಲ್ಲ. "ಗಟ್ಟಿ ಮರಿ ಅಲ್ವಾ, ತಾನೇ ಸರಿಹೋಗುತ್ತೆ ಅಂದ್ಕೊಂಡ್ವಿ" ಅನ್ನುತ್ತಾರೆ.

ಪಾರ್ವೊ ಜಾತಿ ನೋಡಿ ಬರುವುದಿಲ್ಲ. ಡಾಬರ್‌ಮನ್, ರಾಟ್‌ವೀಲರ್‌ನಂಥ ಕೆಲವು ತಳಿಗಳಿಗೆ ಸ್ವಲ್ಪ ಜೋರಾಗಿ ತಗಲುತ್ತದೆ ನಿಜ. ಹಾಗಂತ ಕ್ರಾಸ್ ಮರಿಗೆ ರಿಯಾಯಿತಿ ಏನಿಲ್ಲ. ಲಸಿಕೆ ಬಿದ್ದಿದೆಯಾ ಇಲ್ಲವಾ, ಅಷ್ಟೇ ಲೆಕ್ಕ.

ಲಸಿಕೆಯ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಮೋಸ ನಡೆಯುವುದೇ ಇಲ್ಲಿ. ತಾಯಿಯ ಮೊದಲ ಹಾಲಿನಿಂದ ಮರಿಗೆ ಸ್ವಲ್ಪ ರಕ್ಷಣೆ ಬಂದಿರುತ್ತದೆ. ಆ ರಕ್ಷಣೆ ಇರುವಾಗ ಲಸಿಕೆ ಹಾಕಿದರೆ ಅದು ಸರಿಯಾಗಿ ಹತ್ತುವುದಿಲ್ಲ. ರಕ್ಷಣೆ ಇಳಿದ ಮೇಲೆ ಹಾಕದಿದ್ದರೆ ಮರಿ ಬರಿಗೈ. ಯಾವ ಮರಿಗೆ ಯಾವ ವಾರ ಇಳಿಯುತ್ತದೆ ಅಂತ ಹೊರಗಿನಿಂದ ನೋಡಿ ಹೇಳಲು ಆಗಲ್ಲ. ಅದಕ್ಕೇ ಆರರಿಂದ ಎಂಟು ವಾರದ ನಡುವೆ ಮೊದಲ ಡೋಸ್ ಹಾಕಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ ಮತ್ತೆ ಮತ್ತೆ, ಹದಿನಾರು ವಾರ ತುಂಬುವ ತನಕ ಹಾಕುವುದು. ಸಂತೆಯಲ್ಲಿ "ಒಂದು ಇಂಜೆಕ್ಷನ್ ಆಗಿದೆ, ಇನ್ನೇನೂ ಬೇಡ" ಎಂದು ಹೇಳಿದರೆ, ಆ ಇಂಜೆಕ್ಷನ್ ನಿಜವಾಗಿ ಹಾಕಿದ್ದರೂ ಮಾತು ಸುಳ್ಳು.

ನಿಜವಾಗಿ ಹಾಕಿರುವುದೇ ಅಪರೂಪ ಅನ್ನಿ. ಲಸಿಕೆಯ ಸೀಸೆಯ ಮೇಲೆ ಬ್ಯಾಚ್ ನಂಬರ್ ಇರುವ ಸಣ್ಣ ಸ್ಟಿಕರ್ ಇರುತ್ತದೆ. ಅದನ್ನು ಬಿಡಿಸಿ ಕಾರ್ಡಿಗೆ ಅಂಟಿಸಿ, ತಾರೀಕು ಬರೆದು, ಡಾಕ್ಟರ್ ಸಹಿ ಮತ್ತು ಸೀಲು ಹಾಕಬೇಕು. ನನ್ನ ಮುಂದೆ ಬರುವ ಕಾರ್ಡುಗಳನ್ನು ನೋಡಿ: ಸ್ಟಿಕರ್ ಜಾಗ ಖಾಲಿ. ತಾರೀಕು ಇದೆ, ಸಹಿ ಇಲ್ಲ. ಸಹಿ ಇದ್ದರೆ ನೋಂದಣಿ ನಂಬರ್ ಇಲ್ಲ. ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ, ಒಂದೇ ಸಲ ಕೂತು ಬರೆದ ಮೂರು ತಾರೀಕುಗಳು. ಒಂದು ಕಾರ್ಡಿನಲ್ಲಂತೂ ಮರಿ ಹುಟ್ಟಿದ ದಿನಕ್ಕಿಂತ ಮುಂಚೆಯೇ ಇಂಜೆಕ್ಷನ್ ಆಗಿತ್ತು. ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಅಂಗಡಿಯಿಂದ ಸೀಸೆ ತಂದು, ಬೈಕಿನ ಡಿಕ್ಕಿಯಲ್ಲಿ ಇಟ್ಟುಕೊಂಡು ತಾವೇ ಚುಚ್ಚುವವರಿದ್ದಾರೆ. ಅದು ಬರೀ ನೀರು ಚುಚ್ಚಿದ ಹಾಗೆ.

ಇನ್ನೊಂದು ವಿಷಯ, ಇದನ್ನು ಹೇಳದಿದ್ದರೆ ಆಗಲ್ಲ. ಪಾರ್ವೊದಿಂದ ಮರಿ ಸತ್ತ ಮನೆಗೆ ಮುಂದಿನ ಭಾನುವಾರವೇ ಹೊಸ ಮರಿ ಬರುತ್ತದೆ. ಮಕ್ಕಳು ಅಳುತ್ತಾರೆ, ಅಪ್ಪ ಸಂತೆಗೆ ಹೋಗುತ್ತಾರೆ. ಆ ವೈರಸ್ ಮಣ್ಣಿನಲ್ಲಿ, ಗೋಣಿಚೀಲದಲ್ಲಿ, ಬಟ್ಟಲಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ ದಾಟಿದರೂ ಬದುಕಿರುತ್ತದೆ. ಫಿನಾಯಿಲ್ ಸುರಿದರೆ ಅದಕ್ಕೆ ಏನೂ ಆಗಲ್ಲ. ಬ್ಲೀಚ್ ಬೇಕು, ಒಂದು ಪಾಲಿಗೆ ಮೂವತ್ತು ಪಾಲು ನೀರು, ಅದೂ ನೆಲವನ್ನು ಮೊದಲು ಚೆನ್ನಾಗಿ ತೊಳೆದ ಮೇಲೆ. ಮಣ್ಣಿನ ಅಂಗಳಕ್ಕೆ ಅದೂ ಸಾಲದು. ಲಸಿಕೆ ಪೂರ್ತಿ ಮುಗಿದ ಮರಿಯನ್ನೇ ಆ ಮನೆಗೆ ತರಬೇಕು. ಇದನ್ನು ಮಾರುವವನು ಹೇಳುವುದಿಲ್ಲ. ಅವನಿಗೆ ಎರಡನೇ ಮರಿಯೂ ವ್ಯಾಪಾರವೇ.

ಡಿಸ್ಟೆಂಪರ್ ಕೂಡ ಇದೇ ಲಸಿಕೆಯಿಂದ ತಡೆಯಬಹುದಾದ ಕಾಯಿಲೆ. ಕಣ್ಣಲ್ಲಿ ಪಿಸುರು, ಮೂಗಲ್ಲಿ ಸಿಂಬಳ, ಕೆಮ್ಮು ಅಂತ ಶುರುವಾಗಿ, ಕಡೆಗೆ ಕಾಲು ತಾನಾಗಿಯೇ ಅದುರುವುದು, ಫಿಟ್ಸ್. ಬದುಕಿದರೂ ಆ ಅದುರು ಎಷ್ಟೋ ನಾಯಿಗಳಿಗೆ ಜೀವನಪೂರ್ತಿ ಉಳಿಯುತ್ತದೆ.

ಹೊಟ್ಟೆ ಮಾತ್ರ ಉಬ್ಬಿ, ಬೆನ್ನುಮೂಳೆ ಕೈಗೆ ಸಿಗುವ ಮರಿ ಕಂಡರೆ ಜನ "ಚೆನ್ನಾಗಿ ತಿಂದಿದೆ" ಅನ್ನುತ್ತಾರೆ. ಅದು ಜಂತುಹುಳ. ಹುಟ್ಟುವ ಮುಂಚೆಯೇ ತಾಯಿಯ ಹೊಟ್ಟೆಯಲ್ಲಿ, ಆಮೇಲೆ ಹಾಲಿನಲ್ಲಿ ಹುಳ ಮರಿಗೆ ಬರುತ್ತವೆ. ಅದಕ್ಕೇ ಎರಡು ವಾರದಿಂದಲೇ ಹುಳದ ಔಷಧಿ ಶುರು ಮಾಡುವುದು. ಕೊಕ್ಕೆಹುಳ ಜಾಸ್ತಿಯಾದರೆ ರಕ್ತ ಹೀರಿ ಮರಿಯ ವಸಡು ಬೆಳ್ಳಗಾಗುತ್ತದೆ. ವಸಡನ್ನು ಬೆರಳಿನಿಂದ ಒತ್ತಿ ಬಿಡಿ, ಎರಡು ಸೆಕೆಂಡಿನೊಳಗೆ ಕೆಂಪು ವಾಪಸ್ ಬರಬೇಕು. ಬರದಿದ್ದರೆ ತಡ ಮಾಡಬೇಡಿ. ಈ ಹುಳಗಳು ಮಣ್ಣಿನಲ್ಲಿ ಆಡುವ ಮಕ್ಕಳಿಗೂ ತಗಲುತ್ತವೆ ಎಂಬುದು ಎಷ್ಟು ತಂದೆತಾಯಿಗೆ ಗೊತ್ತು?

ರಕ್ತ ಹೀರುವ ಉಣ್ಣೆಯದ್ದು ಇನ್ನೊಂದು ಗೋಳು. ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ಕಚ್ಚಿಕೊಂಡಿರುತ್ತವೆ. ಅವು ತರುವ ಎರ್ಲಿಕಿಯಾ, ಬಬೀಸಿಯಾ ಜ್ವರಗಳನ್ನು ಜನ ಒಟ್ಟಾಗಿ ಉಣ್ಣೆ ಜ್ವರ ಅನ್ನುತ್ತಾರೆ, ಆದರೆ ಎರಡಕ್ಕೂ ಔಷಧಿ ಬೇರೆ. ರಕ್ತ ಪರೀಕ್ಷೆ ಮಾಡದೆ ಗೊತ್ತಾಗುವುದಿಲ್ಲ. ಸೀಮೆಎಣ್ಣೆ ಹಚ್ಚಿಕೊಂಡು ತಂದ ಮರಿಗಳ ಚರ್ಮ ಸುಟ್ಟು ಹೋಗಿರುವುದನ್ನು ನೋಡಿದ್ದೇನೆ. ಕಜ್ಜಿಗೆ ಗ್ಯಾರೇಜಿನ ಹಳೇ ಎಂಜಿನ್ ಆಯಿಲ್ ಹಚ್ಚುವುದೂ ಇನ್ನೂ ನಡೆಯುತ್ತಿದೆ. ಮರಿ ಅದನ್ನು ನೆಕ್ಕುತ್ತದೆ ಅನ್ನುವ ಯೋಚನೆ ಯಾರಿಗೂ ಬರುವುದಿಲ್ಲ.

ಕಜ್ಜಿ ಅಂದಾಗ ಒಂದು ಎಚ್ಚರಿಕೆ. ನಮ್ಮಲ್ಲಿ ಕಜ್ಜಿ ನಾಯಿ ಕಂಡ ಕೂಡಲೇ ಐವರ್‌ಮೆಕ್ಟಿನ್ ಚುಚ್ಚಿಬಿಡುವ ಅಭ್ಯಾಸ ಇದೆ. ದನಕ್ಕೆ ತಂದಿಟ್ಟ ಸೀಸೆಯಿಂದಲೇ ಎಳೆದು ಚುಚ್ಚುವವರೂ ಇದ್ದಾರೆ. ಕೋಲಿ, ಆಸ್ಟ್ರೇಲಿಯನ್ ಶೆಫರ್ಡ್‌ನಂಥ ಕುರಿ ಕಾಯುವ ತಳಿಗಳಲ್ಲಿ ಎಂಡಿಆರ್-1 ಎಂಬ ಜೀನಿನ ದೋಷ ಇರುತ್ತದೆ. ಅಂಥ ನಾಯಿಗೆ ಈ ಔಷಧಿ ಜಾಸ್ತಿಯಾದರೆ ಮಿದುಳಿಗೆ ಏರಿ, ತೂರಾಡಿ, ಕಣ್ಣು ಕಾಣದಂತಾಗಿ, ಪ್ರಜ್ಞೆ ತಪ್ಪಬಹುದು. ಕೆಲವು ಅಲ್ಸೇಷಿಯನ್‌ಗಳಲ್ಲೂ ಈ ದೋಷ ಉಂಟು. ಕ್ರಾಸ್ ಮರಿಯ ಅಪ್ಪನೋ ಅಜ್ಜನೋ ಯಾವ ತಳಿ ಅಂತ ಗೊತ್ತಿಲ್ಲ ಅಲ್ವಾ? ಗೊತ್ತಿಲ್ಲದಿರುವುದೇ ಅಪಾಯ. ಜಾತಿ ನಾಯಿಗಾದರೆ ಯಾವ ಕಾಯಿಲೆಗೆ ಕಾಯಬೇಕು ಅಂತ ಡಾಕ್ಟರಿಗೆ ಮೊದಲೇ ಒಂದು ಅಂದಾಜು ಇರುತ್ತದೆ. ಕ್ರಾಸ್ ಮರಿಗೆ ಆ ಅಂದಾಜೂ ಇರುವುದಿಲ್ಲ.

ಹಾಗಾದರೆ 'ಕ್ರಾಸ್ ಗಟ್ಟಿ' ಎನ್ನುವುದರಲ್ಲಿ ಸತ್ಯವೇ ಇಲ್ಲವಾ? ಸ್ವಲ್ಪ ಇದೆ. ಹತ್ತಿರದ ಸಂಬಂಧದಲ್ಲೇ ಕೂಡಿಸಿ ಕೂಡಿಸಿ ಬೆಳೆಸಿದ ತಳಿಗಳಲ್ಲಿ ಕೆಲವು ವಂಶದ ಕಾಯಿಲೆಗಳು ಜಾಸ್ತಿ. ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 24 ವಂಶದ ಕಾಯಿಲೆಗಳು, ಅವುಗಳಲ್ಲಿ ಒಂದಾದರೂ ಇದ್ದ 27,000ಕ್ಕೂ ಹೆಚ್ಚು ನಾಯಿಗಳ ದಾಖಲೆ. 10 ಕಾಯಿಲೆಗಳು ಜಾತಿ ನಾಯಿಗಳಲ್ಲಿ ಜಾಸ್ತಿ ಕಂಡವು. 13 ಕಾಯಿಲೆಗಳಲ್ಲಿ ಜಾತಿ ನಾಯಿಗೂ ಮಿಶ್ರ ತಳಿಗೂ ವ್ಯತ್ಯಾಸವೇ ಇರಲಿಲ್ಲ. ಸೊಂಟದ ಕೀಲು ಸರಿಯಾಗಿ ಕೂರದಿರುವುದು, ಮಂಡಿಚಿಪ್ಪು ಜಾರುವುದು ಈ ಗುಂಪಿನಲ್ಲೇ ಬಂದವು. ಮೊಣಕಾಲಿನ ಮೂಳೆಗಳನ್ನು ಹಿಡಿದಿಡುವ ಪಟ್ಟಿ (ಕ್ರೂಷಿಯೇಟ್ ಲಿಗಮೆಂಟ್) ಹರಿಯುವುದಂತೂ ಮಿಶ್ರ ತಳಿಯಲ್ಲೇ ಜಾಸ್ತಿ ಇತ್ತು. ಲ್ಯಾಬ್‌ಗೂ ಅಲ್ಸೇಷಿಯನ್‌ಗೂ ಇಬ್ಬರಿಗೂ ಸೊಂಟದ ತೊಂದರೆ ಇರುವಾಗ ಅವುಗಳ ಮರಿಗೆ ಅದು ಮಾಯವಾಗುತ್ತದೆ ಅನ್ನಲು ಯಾವ ಆಧಾರವೂ ಇಲ್ಲ. ಅಂಥ ಮರಿಯನ್ನು ನುಣುಪು ಟೈಲ್ಸ್ ಮೇಲೆ ಓಡಾಡಿಸಿ, ಮೂಳೆ ಗಟ್ಟಿಯಾಗಲಿ ಅಂತ ಕ್ಯಾಲ್ಸಿಯಂ ಸಿರಪ್ ಸುರಿಯುತ್ತಾರೆ. ಬೇಗ ಬೆಳೆಯುವ ದೊಡ್ಡ ಜಾತಿಯ ಮರಿಗೆ ಕ್ಯಾಲ್ಸಿಯಂ ಅತಿಯಾದರೂ ಮೂಳೆ ಕೆಡುತ್ತದೆ.

ಸಣ್ಣ ಕ್ರಾಸ್‌ಗಳ ಕಷ್ಟ ಬೇರೆ. ಒಂದೆರಡು ಹೊತ್ತು ತಿನ್ನದಿದ್ದರೆ ರಕ್ತದಲ್ಲಿ ಸಕ್ಕರೆ ಇಳಿದು ಕುಸಿದು ಬೀಳುತ್ತವೆ. ಬಸ್ಸಿನಲ್ಲಿ ರಾತ್ರಿಯಿಡೀ ಖಾಲಿ ಹೊಟ್ಟೆಯಲ್ಲಿ ಬಂದ ಮರಿಗಳಲ್ಲಿ ಇದನ್ನು ನೋಡುತ್ತೇವೆ. ವಸಡಿಗೆ ಸ್ವಲ್ಪ ಜೇನೋ ಸಕ್ಕರೆ ನೀರೋ ಸವರಿ ಕೂಡಲೇ ಡಾಕ್ಟರ ಬಳಿ ಓಡಬೇಕು. ಹೊಕ್ಕುಳ ಉಬ್ಬಿರುವುದು, ಹಾಲು ಹಲ್ಲು ಉದುರದೆ ಎರಡು ಸಾಲು ಹಲ್ಲಾಗುವುದು, ಗಂಡು ಮರಿಯ ಬೀಜ ಕೆಳಗೆ ಇಳಿಯದಿರುವುದು, ಇವನ್ನೆಲ್ಲ ಕೊಳ್ಳುವ ಮುಂಚೆ ಕೈಯಿಂದ ಮುಟ್ಟಿ ನೋಡಬಹುದು. ಯಾರೂ ನೋಡಲ್ಲ.

ಮಾನ್ಯರೇ, ಇನ್ನು ಕಾನೂನಿನ ಮಾತು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ 2017ರಲ್ಲಿ ಬಂದ ನಾಯಿ ತಳಿ ಅಭಿವೃದ್ಧಿ ಮತ್ತು ಮಾರಾಟ ನಿಯಮಗಳಲ್ಲಿ ನಾನು ಮೇಲೆ ಅತ್ತಿದ್ದಕ್ಕೆಲ್ಲ ಉತ್ತರ ಇದೆ. ಮಾರುವವರು ನಿಮ್ಮ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಲಸಿಕೆಯ ದಾಖಲೆ ಕೊಡಬೇಕು, ಗುರುತಿಗೆ ಚರ್ಮದಡಿ ಮೈಕ್ರೋಚಿಪ್ ಹಾಕಿಸಿರಬೇಕು. ಹೆಣ್ಣು ನಾಯಿಗೆ 18 ತಿಂಗಳು ಆಗುವ ಮುಂಚೆ ಮರಿ ಹಾಕಿಸುವಂತಿಲ್ಲ, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ಇಲ್ಲ. ಎಷ್ಟು ಚೆನ್ನಾಗಿ ಬರೆದಿದ್ದಾರೆ! ಆದರೆ ಅದೇ ನಿಯಮದಲ್ಲಿ 'ಬ್ರೀಡರ್' ಅಂದರೆ ನಿರ್ದಿಷ್ಟ ತಳಿಯ ನಾಯಿಗಳನ್ನು ಇಟ್ಟುಕೊಂಡು ಮರಿ ಮಾಡಿಸಿ ಮಾರುವವರು ಅಂತಿದೆ. ಮಧ್ಯವರ್ತಿ, ವ್ಯಾಪಾರಿ ಕೂಡ ಅದರಲ್ಲಿ ಸೇರುತ್ತಾರೆ. ಸಂತೆಯವರನ್ನು ಕೇಳಿದರೆ ಉತ್ತರ ಸಿದ್ಧವಾಗಿದೆ: "ನಂದು ಬ್ರೀಡ್ ಅಲ್ಲ ಮೇಡಂ, ಕ್ರಾಸ್. ನಮಗೆ ಲೈಸೆನ್ಸ್ ಬೇಕಾಗಲ್ಲ."

ಕ್ರಾಸ್ ನಾಯಿ ಸರ್ಕಾರದ ಕಣ್ಣಿಗೆ ಬಿದ್ದೇ ಇಲ್ಲ ಅಂತಲ್ಲ. 2024ರ ಮಾರ್ಚ್‌ನಲ್ಲಿ ಕೇಂದ್ರ ಪಶುಸಂಗೋಪನಾ ಇಲಾಖೆ 23 ತಳಿಗಳನ್ನು ಅಪಾಯಕಾರಿ ಎಂದು ನಿಷೇಧಿಸಲು ಸುತ್ತೋಲೆ ಹೊರಡಿಸಿತು. ಅದರಲ್ಲಿ ಆ ತಳಿಗಳ ಕ್ರಾಸ್‌ಗಳನ್ನೂ ಮರೆಯದೆ ಸೇರಿಸಿತ್ತು. ನಮ್ಮ ಹೈಕೋರ್ಟ್ ಮರು ತಿಂಗಳೇ ಅದನ್ನು ರದ್ದು ಮಾಡಿತು, ಆ ಮಾತು ಬೇರೆ. ಕಚ್ಚುವ ಪಟ್ಟಿಯಲ್ಲಿ ನೆನಪಾದ ಕ್ರಾಸ್ ಮರಿ ಲಸಿಕೆಯ ಪಟ್ಟಿಯಲ್ಲಿ ಯಾಕೆ ನೆನಪಾಗಲಿಲ್ಲ ಅನ್ನುವುದು ನನ್ನ ಪ್ರಶ್ನೆ.

ಕಚ್ಚುವ ಮಾತು ಬಂದಿದ್ದರಿಂದ ಹೇಳುತ್ತೇನೆ. ಹುಚ್ಚುನಾಯಿ ರೋಗದ ಲಸಿಕೆ ಮರಿಗೆ ಮೂರು ತಿಂಗಳಿಗೆ ಹಾಕುವುದು. ಅದಕ್ಕೂ ಮುಂಚೆಯೇ ಬೀದಿಯಲ್ಲಿ ಸೋಂಕು ತಗಲಿದ ಮರಿ ಮನೆಗೆ ಬಂದಿರಬಹುದು. "ಮರಿ ಹಲ್ಲು ತಾಗಿದ್ದು, ಏನಾಗಲ್ಲ ಬಿಡಿ" ಎನ್ನುವುದು ಜೀವಕ್ಕೇ ಕುತ್ತು. ಸೋಪು ಹಾಕಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು.

ನಾನು ಕೇಳುವುದು ದೊಡ್ಡದೇನಲ್ಲ. ಮೊದಲನೆಯದಾಗಿ, 2017ರ ನಿಯಮ ಕ್ರಾಸ್ ಮರಿ ಮಾರುವವರಿಗೂ ಅನ್ವಯಿಸುತ್ತದೆ ಎಂದು ನಿಮ್ಮ ಮಂಡಳಿ ಒಂದು ಸ್ಪಷ್ಟ ಸುತ್ತೋಲೆ ಹೊರಡಿಸಲಿ. ನಿಯಮದ ಮಾತುಗಳು ಅದಕ್ಕೆ ಸಾಲದಿದ್ದರೆ ತಿದ್ದಲು ಕೇಂದ್ರಕ್ಕೆ ಬರೆಯಲಿ. ಅದು ಕನ್ನಡದಲ್ಲಿ ಪ್ರತಿ ಗ್ರಾಮ ಪಂಚಾಯಿತಿಗೆ, ಪೊಲೀಸ್ ಠಾಣೆಗೆ, ಸಂತೆ ಗುತ್ತಿಗೆದಾರನಿಗೆ ಹೋಗಲಿ. ಸಂತೆಯ ಸುಂಕ ವಸೂಲಿ ಮಾಡುವವನಿಗೆ ಯಾರು ಎಲ್ಲಿ ಕೂರುತ್ತಾರೆ ಅಂತ ಚೆನ್ನಾಗಿ ಗೊತ್ತಿರುತ್ತದೆ.

ಮಾರುವ ಪ್ರತಿ ಮರಿಯ ಜೊತೆ, ಪುಕ್ಕಟೆ ಕೊಡುವ ಮರಿಯ ಜೊತೆಗೂ, ಒಂದೇ ಮಾದರಿಯ ಕನ್ನಡ ಕಾರ್ಡ್ ಇರಲಿ. ಒಂದು ಹಾಳೆ ಸಾಕು. ಹುಟ್ಟಿದ ತಾರೀಕು, ತಾಯಿ ಯಾವುದು, ಅಪ್ಪ ಯಾವುದು ಗೊತ್ತಿದ್ದರೆ, ಹುಳದ ಔಷಧಿ ಕೊಟ್ಟ ದಿನ, ಲಸಿಕೆಯ ಸ್ಟಿಕರ್ ಅಂಟಿಸುವ ಜಾಗ, ಡಾಕ್ಟರ ನೋಂದಣಿ ನಂಬರ್. ಹಿಂಬದಿಯಲ್ಲಿ, ವಾಂತಿ ಮತ್ತು ರಕ್ತ ಭೇದಿ ಕಂಡರೆ ಅದೇ ದಿನ ಆಸ್ಪತ್ರೆಗೆ ಎಂಬ ಸಾಲು, ಬ್ಲೀಚಿನ ಅಳತೆ, ಐವರ್‌ಮೆಕ್ಟಿನ್ ತಾವೇ ಚುಚ್ಚಬೇಡಿ ಎಂಬ ಎಚ್ಚರಿಕೆ. 1962 ನಂಬರಿಗೆ ಫೋನ್ ಮಾಡಿದರೆ ದನಕರುಗಳಿಗೆ ಮನೆ ಬಾಗಿಲಿಗೆ ಬರುವ ಚಿಕಿತ್ಸಾ ಗಾಡಿ ಇದೆ, ಒಳ್ಳೆಯ ಕೆಲಸ. ಅದರ ಮೇಲೆ ಇದರದ್ದೊಂದು ಪೋಸ್ಟರ್ ಅಂಟಿಸಿದರೆ ಹಳ್ಳಿ ಹಳ್ಳಿಗೂ ಮುಟ್ಟುತ್ತದೆ.

ಪಶುಪಾಲನಾ ಇಲಾಖೆಯ ಜೊತೆ ಮಾತಾಡಿ, ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ರೇಬಿಸ್ ಲಸಿಕೆಯ ಹಾಗೆಯೇ ಪಾರ್ವೊ, ಡಿಸ್ಟೆಂಪರ್ ಲಸಿಕೆಯೂ ಕೈಗೆಟಕುವ ದರದಲ್ಲಿ ಸಿಗುವಂತೆ ಮಾಡಿ. ಕೂಲಿ ಮಾಡುವವರ ಮನೆಯಲ್ಲೂ ನಾಯಿ ಇದೆ. ಖಾಸಗಿ ಕ್ಲಿನಿಕ್ಕಿನ ರೇಟು ಕೇಳಿ ಬಾಗಿಲಿನಿಂದಲೇ ಹಿಂತಿರುಗುವವರನ್ನು ನಾನು ನೋಡುತ್ತೇನೆ. ಇದನ್ನು ಖಾಸಗಿ ಕ್ಲಿನಿಕ್ಕಿನಲ್ಲಿ ಸಂಬಳ ತಗೊಳ್ಳುವವಳೇ ಹೇಳುತ್ತಿದ್ದೇನೆ.

ಬೀದಿ ನಾಯಿಗಳ ಸಂತಾನಹರಣಕ್ಕೆ 2023ರ ನಿಯಮಗಳಿವೆ, ಸ್ಥಳೀಯ ಸಂಸ್ಥೆಗಳಿಗೆ ಹೊಣೆ ಇದೆ. ಆದರೆ ಗೇಟು ಹಾರುವ ಸಾಕು ನಾಯಿಯ ಕಥೆ ಏನು? ಸಾಕಿದವರ ನಾಯಿಗೂ ಕಡಿಮೆ ಖರ್ಚಿನಲ್ಲಿ ಆಪರೇಷನ್ ಮಾಡುವ ಕ್ಯಾಂಪ್ ವರ್ಷಕ್ಕೆ ಒಂದೆರಡಾದರೂ ಪ್ರತಿ ತಾಲ್ಲೂಕಿನಲ್ಲಿ ಆಗಲಿ. ಹಾಸನ, ಶಿವಮೊಗ್ಗ, ಬೀದರ್, ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜುಗಳಿವೆ. ಅಲ್ಲಿನ ವಿದ್ಯಾರ್ಥಿಗಳಿಗೂ ಕೈ ಪಳಗುತ್ತದೆ. ಮುಧೋಳ ನಾಯಿಗಾಗಿ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರವನ್ನೇ ಕಟ್ಟಿದ ರಾಜ್ಯ ನಮ್ಮದು. ಕ್ರಾಸ್ ಮರಿಗೆ ಕೇಂದ್ರ ಬೇಡ, ಕಾರ್ಡು ಸಾಕು.

ನಿಮ್ಮ ತಪಾಸಣಾ ಅಧಿಕಾರಿಗಳು ನಮ್ಮ ಕಡೆಯ ಸಂತೆಗೆ ಬರುವುದಾದರೆ ಒಂದು ವಿನಂತಿ. ಬೆಳಿಗ್ಗೆ ಎಂಟರೊಳಗೆ ಬನ್ನಿ, ಇಲಾಖೆಯ ಜೀಪಿನಲ್ಲಿ ಬೇಡ. ಹತ್ತು ಗಂಟೆಗೆ ಬಂದರೆ ಪೆಟ್ಟಿಗೆಗಳೆಲ್ಲ ಖಾಲಿಯಾಗಿರುತ್ತವೆ. ಬಂದವರು ಮರಿಯ ಬಾಯಿ ತೆರೆದು ಹಲ್ಲು ಎಣಿಸಲಿ, ಕಾರ್ಡಿನಲ್ಲಿ ಸ್ಟಿಕರ್ ಇದೆಯಾ ನೋಡಲಿ. ಎರಡಕ್ಕೂ ಸೇರಿ ಒಂದು ಮರಿಗೆ ಒಂದು ನಿಮಿಷ ಸಾಕು.

ಗೌರವಪೂರ್ವಕವಾಗಿ,
ಪಶು ಕ್ಲಿನಿಕ್ ಸಹಾಯಕಿ,
ಹಾಸನ ಜಿಲ್ಲೆ.